ಎಣ್ಣೆಯ ಚರ್ಚೆಗೆ ಮೊದಲು ಉಪ್ಪಿನ ಲೆಕ್ಕ: ಹೃದಯದ ಆರೋಗ್ಯಕ್ಕಾಗಿ ಕರಾವಳಿಯ ಮನೆಗಳ ಮುಂದಿರುವ ಆಯ್ಕೆಗಳು

ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಹೃದಯದ ಆರೋಗ್ಯದ ಮಾತು ಎದ್ದರೆ ಅದು ಬಹುಬೇಗ ತೆಂಗಿನೆಣ್ಣೆಯ ಚರ್ಚೆಯಾಗುತ್ತದೆ. ಅಜ್ಜನ ಕಾಲದಿಂದ ತಿಂದುಕೊಂಡು ಬಂದದ್ದು ಎಂದು ಒಬ್ಬರು, ಡಾಕ್ಟರು ಬೇಡವೆಂದಿದ್ದಾರೆ ಎಂದು ಇನ್ನೊಬ್ಬರು ವಾದಿಸುತ್ತಿರುವಾಗಲೇ ಗಂಜಿಯ ಬಟ್ಟಲಿನ ಪಕ್ಕಕ್ಕೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಕೆಲವು ಮನೆಗಳಲ್ಲಿ ಸುಟ್ಟ ಒಣಮೀನು ಬಂದು ಕೂರುತ್ತವೆ. ಊಟ ಮುಗಿದ ಮೇಲೆ ಮನೆಯ ಹಿರಿಯರು ಜಗಲಿಗೆ ಹೋಗಿ ಒಂದು ಬೀಡಿ ಹಚ್ಚುತ್ತಾರೆ. ಚರ್ಚೆಯಲ್ಲಿ ಉಪ್ಪಿನ ಹೆಸರೂ ಬರುವುದಿಲ್ಲ, ಬೀಡಿಯ ಹೆಸರೂ ಬರುವುದಿಲ್ಲ. ಯಾವುದನ್ನು ಬದಲಿಸಿದರೆ ಎಷ್ಟು ಲಾಭ ಎಂಬ ಹೋಲಿಕೆ ಇಲ್ಲದೆ ಹೋದಾಗ ಮನೆಯ ಶ್ರಮವೆಲ್ಲ ಚಿಕ್ಕ ಪ್ರಶ್ನೆಗೆ ಖರ್ಚಾಗಿ ದೊಡ್ಡ ಪ್ರಶ್ನೆ ಹಾಗೆಯೇ ಉಳಿಯುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ತಮ್ಮದೋ ತಮ್ಮ ಮನೆಯವರದೋ ಅಭ್ಯಾಸಗಳನ್ನು ತಿದ್ದಬೇಕೆಂದುಕೊಂಡು, ಎಲ್ಲಿಂದ ಆರಂಭಿಸಬೇಕೆಂದು ತೋಚದೆ ಇರುವವರಿಗಾಗಿ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಹೋಲಿಕೆಗೆ ಒಂದು ಗಟ್ಟಿ ನೆಲೆ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳ ಸುಮಾರು 30,000 ಜನರನ್ನು ಒಳಗೊಂಡು ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಧೂಮಪಾನ, ರಕ್ತದ ಕೊಬ್ಬಿನ ಏರುಪೇರು, ಅಧಿಕ ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಗಳ ಕೊರತೆ, ಮದ್ಯದ ಅಭ್ಯಾಸ, ದೈಹಿಕ ಚಟುವಟಿಕೆಯ ಕೊರತೆ ಎಂಬ ಒಂಬತ್ತು ಸಂಗತಿಗಳು ಮೊದಲ ಹೃದಯಾಘಾತದ ಅಪಾಯದ ಶೇ. 90ರಷ್ಟನ್ನು ವಿವರಿಸುತ್ತವೆ ಎಂದು ಅದು ತೋರಿಸಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಸುಮಾರು 5 ವರ್ಷ ಮೊದಲೇ ಬರುತ್ತದೆ, ಏಕೆಂದರೆ ಈ ಅಪಾಯಗಳು ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಸೇರಿಕೊಳ್ಳುತ್ತವೆ ಎಂಬುದೂ ಅದೇ ಅಧ್ಯಯನದಿಂದ ತಿಳಿದುಬಂತು. ಹಣೆಬರಹ ಎಂದು ಕೈಚೆಲ್ಲುವವರಿಗೆ ನಾನು ಮೊದಲು ಹೇಳುವುದು ಈ ಮಾತನ್ನೇ.

ಯಾವುದೇ ಎರಡು ಆಯ್ಕೆಗಳನ್ನು ತೂಗಿ ನೋಡುವಾಗ ನಾನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ಇದರಿಂದ ಅಪಾಯ ಎಷ್ಟು ಇಳಿಯುತ್ತದೆ, ಇದನ್ನು ನಡೆಸಿಕೊಂಡು ಹೋಗುವುದು ಯಾರ ಕೈಯಲ್ಲಿದೆ, ಆಟಿ ತಿಂಗಳ ಮಳೆಯಲ್ಲಿಯೂ ಇದು ಉಳಿಯುತ್ತದೆಯೇ? ಮೂರನೆಯ ಪ್ರಶ್ನೆ ಬೇರೆ ಊರಿನವರಿಗೆ ವಿಚಿತ್ರವೆನಿಸಬಹುದು. ಆದರೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಜಿಲ್ಲೆಗಳಲ್ಲಿ ಒಳ್ಳೆಯ ಅಭ್ಯಾಸಗಳು ತಪ್ಪಿಹೋಗುವುದು ಹೆಚ್ಚಾಗಿ ಮಳೆಗಾಲದಲ್ಲಿಯೇ.

ಅಳತೆಯ ಸಾಧನ

ಮೊದಲು ಅಳೆಯಬೇಕು. 30 ವರ್ಷ ದಾಟಿದವರಿಗೆ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನಡೆಯುತ್ತದೆ. ಮನೆಯಲ್ಲಿಯೇ ಅಳೆಯುವುದಾದರೆ ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕಿಂತ ತೋಳಿಗೆ ಕಟ್ಟುವ ಯಂತ್ರವನ್ನೇ ಕೊಳ್ಳಬೇಕು, ಮಣಿಕಟ್ಟಿನ ಯಂತ್ರದಲ್ಲಿ ಕೈ ಸ್ವಲ್ಪ ಮೇಲೆ ಕೆಳಗಾದರೂ ಅಂಕಿ ಬದಲಾಗುತ್ತದೆ. ಕಾಫಿ ಕುಡಿದ ಕೂಡಲೇ, ಮೆಟ್ಟಿಲು ಹತ್ತಿ ಬಂದ ಕೂಡಲೇ ಅಳೆಯಬಾರದು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಅಳೆಯಬೇಕು. ಆಸ್ಪತ್ರೆಯಲ್ಲಿ 140/90 ಎಂಬುದು ಅಧಿಕ ರಕ್ತದೊತ್ತಡದ ಗಡಿ, ಮನೆಯ ಅಳತೆಯಲ್ಲಿ ಅದು 135/85. ತೂಕದ ಯಂತ್ರ ಬೇಕೇ, ಹೊಲಿಗೆಯ ಟೇಪು ಸಾಕೇ ಎಂದು ಕೇಳಿದರೆ ನಮ್ಮ ಮೈಕಟ್ಟಿನವರಿಗೆ ಟೇಪೇ ಹೆಚ್ಚು ಹೇಳುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ತಮ್ಮ ತೂಕ ಸರಿಯಾಗಿದೆ ಎಂದು ಸಮಾಧಾನಪಟ್ಟುಕೊಳ್ಳುವುದು ನಮ್ಮಲ್ಲಿ ಬಹಳ ಸಾಮಾನ್ಯವಾದ ತಪ್ಪು.

ತಂಬಾಕು: ಕಡಿಮೆ ಮಾಡುವುದೇ, ಬಿಡುವುದೇ

ಮನೆಯಲ್ಲಿ ತಂಬಾಕು ಇದ್ದರೆ ಉಳಿದ ಹೋಲಿಕೆಗಳೆಲ್ಲ ಅದರ ನಂತರ. ಧೂಮಪಾನ ಮಾಡುವವರಿಗೆ ಹೃದಯಾಘಾತದ ಅಪಾಯ ಮಾಡದವರಿಗಿಂತ ಸುಮಾರು ಮೂರು ಪಟ್ಟು ಎಂದು ಇಂಟರ್‌ಹಾರ್ಟ್ ಕಂಡುಕೊಂಡಿತ್ತು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿರುವ ಈ ಎರಡು ಜಿಲ್ಲೆಗಳಲ್ಲಿ ಬೀಡಿಯ ವಿಷಯವನ್ನು ಮಾತಾಡುವುದು ಸುಲಭವಲ್ಲ, ಆ ದುಡಿಮೆಯ ಬಗ್ಗೆ ನನಗಿರುವ ಗೌರವವೂ ಕಡಿಮೆಯದಲ್ಲ. ಆದರೂ ಬೀಡಿ ಚಿಕ್ಕದು, ಕಾಗದದ ಬದಲು ಎಲೆಯಲ್ಲಿ ಸುತ್ತಿದ್ದು, ಆದ್ದರಿಂದ ಸಿಗರೇಟಿಗಿಂತ ಮೇಲು ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ. ಎಲೆಯಲ್ಲಿ ಗಾಳಿಯಾಡುವುದಿಲ್ಲ, ಆರದಂತೆ ಉಳಿಸಿಕೊಳ್ಳಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ, ಹೀಗಾಗಿ ಕಾರ್ಬನ್ ಮೊನಾಕ್ಸೈಡ್ ಮತ್ತು ಟಾರ್ ಒಳಗೆ ಹೋಗುವುದು ಕಡಿಮೆಯಾಗುವುದಿಲ್ಲ. ಎಲೆ ಅಡಿಕೆಯೊಂದಿಗೆ ಜಗಿಯುವ ಹೊಗೆಸೊಪ್ಪಿನಲ್ಲಿ ಹೊಗೆಯಿಲ್ಲದಿದ್ದರೂ ಹೃದಯಕ್ಕೆ ಅದರಿಂದ ಬಿಡುಗಡೆಯಿಲ್ಲ.

ದಿನಕ್ಕೆ ಇಪ್ಪತ್ತು ಸೇದುತ್ತಿದ್ದವರು ಒಂದಕ್ಕೆ ಇಳಿಸಿದರೆ ಅಪಾಯವೂ ಇಪ್ಪತ್ತನೆಯ ಒಂದು ಪಾಲಿಗೆ ಇಳಿಯಬೇಕೆಂದು ನಮ್ಮ ಲೆಕ್ಕ ಹೇಳುತ್ತದೆ. ಹೃದಯದ ಮಟ್ಟಿಗೆ ಅದು ಹಾಗಲ್ಲ. ದಿನಕ್ಕೆ ಒಂದೇ ಸಿಗರೇಟು ಸೇದುವವರಲ್ಲಿಯೂ ಇಪ್ಪತ್ತು ಸೇದುವವರ ಹೆಚ್ಚುವರಿ ಅಪಾಯದ ಸುಮಾರು ಅರ್ಧದಷ್ಟು ಉಳಿದೇ ಇರುತ್ತದೆ ಎಂದು 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ತೋರಿಸಿದೆ. ಆದ್ದರಿಂದ ಕಡಿಮೆ ಮಾಡುವುದನ್ನು ಗುರಿಯೆಂದು ಇಟ್ಟುಕೊಳ್ಳಬಾರದು. ಬಿಡುವುದಾದರೆ ದಿನದಿಂದ ದಿನಕ್ಕೆ ಇಳಿಸುತ್ತಾ ಬಿಡುವುದು ಒಳ್ಳೆಯದೋ, ಒಂದು ದಿನ ಗೊತ್ತುಮಾಡಿ ಒಮ್ಮೆಗೇ ಬಿಡುವುದು ಒಳ್ಳೆಯದೋ ಎಂಬುದನ್ನೂ ಪರೀಕ್ಷಿಸಿ ನೋಡಿದ್ದಾರೆ. 2016ರಲ್ಲಿ ಪ್ರಕಟವಾದ, ಸುಮಾರು 700 ಜನರ ಮೇಲೆ ನಡೆದ ಇಂಗ್ಲೆಂಡಿನ ಪ್ರಯೋಗದಲ್ಲಿ ಒಮ್ಮೆಗೇ ಬಿಟ್ಟವರಲ್ಲಿ ಶೇ. 49 ಮಂದಿ, ನಿಧಾನವಾಗಿ ಇಳಿಸಿದವರಲ್ಲಿ ಶೇ. 39 ಮಂದಿ ನಾಲ್ಕು ವಾರಗಳ ನಂತರವೂ ಸೇದದೆ ಉಳಿದಿದ್ದರು. ಇಬ್ಬರಿಗೂ ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ಗಳ ನೆರವು ಮತ್ತು ಆಪ್ತ ಸಲಹೆ ಇತ್ತು ಎಂಬುದನ್ನು ಮರೆಯಬಾರದು. ಬರಿಯ ಮನೋಬಲದಿಂದ ಬಿಡುತ್ತೇನೆ ಎನ್ನುವವರನ್ನು ಮೆಚ್ಚಿಕೊಂಡೇ ಈ ನೆರವನ್ನೂ ತೆಗೆದುಕೊಳ್ಳುವಂತೆ ಒತ್ತಾಯಿಸಬೇಕು. ರಾಷ್ಟ್ರೀಯ ತಂಬಾಕು ನಿಲುಗಡೆ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಲು ಹಣ ಕೊಡಬೇಕಾಗಿಲ್ಲ. ಬಿಟ್ಟು ಒಂದು ವರ್ಷವಾಗುವಷ್ಟರಲ್ಲಿ ಹೃದಯದ ಅಪಾಯ ಸೇದುವವರ ಅಪಾಯದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅರವತ್ತು ದಾಟಿದ ಮೇಲೆ ಬಿಟ್ಟು ಏನು ಪ್ರಯೋಜನ ಎಂದು ಕೇಳುವ ಮಾವಂದಿರಿಗೆ ಇದನ್ನು ಹೇಳಬೇಕು.

ಉಪ್ಪು: ಯಾವ ಉಪ್ಪು ಎಂಬುದಕ್ಕಿಂತ ಎಷ್ಟು ಉಪ್ಪು

ನನ್ನ ಅಭಿಪ್ರಾಯದಲ್ಲಿ ಕರಾವಳಿಯ ಮನೆಗಳಲ್ಲಿ ಅತಿ ಹೆಚ್ಚು ಗಮನ ಬೇಕಾಗಿರುವುದು ಮತ್ತು ಅತಿ ಕಡಿಮೆ ಗಮನ ಸಿಗುತ್ತಿರುವುದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ತಲೆಸಮವಾದ ಒಂದು ಚಿಕ್ಕ ಚಮಚದಷ್ಟು. ಭಾರತೀಯರು ಸರಾಸರಿ 8 ಗ್ರಾಂನಷ್ಟು ತಿನ್ನುತ್ತಾರೆ ಎಂದು ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ಗ್ರಾಂ ಲೆಕ್ಕ ಅಡಿಗೆಮನೆಯಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಪ್ಯಾಕೆಟ್ಟಿನ ಲೆಕ್ಕ ಹಿಡಿಯುವುದು ಮೇಲು. ನಾಲ್ಕು ಜನರಿರುವ ಮನೆಗೆ ದಿನಕ್ಕೆ 20 ಗ್ರಾಂ, ತಿಂಗಳಿಗೆ 600 ಗ್ರಾಂ ಎಂದಾಯಿತು, ಅಂದರೆ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ನಮ್ಮ ಮನೆಯಲ್ಲಿ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಟ್ಟೆವು. ನಾಲ್ಕು ಜನರ ನಮಗೆ ಅದು ಬಂದದ್ದು 29 ದಿನ ಮಾತ್ರ. ಅಂಗಡಿಯಿಂದ ತಂದ ಹಪ್ಪಳ, ಬ್ರೆಡ್ಡು, ಖಾರದ ತಿಂಡಿ, ಹೋಟೆಲಿನ ಊಟಗಳಲ್ಲಿ ಬಂದ ಉಪ್ಪು ಆ ಲೆಕ್ಕದ ಹೊರಗೇ ಉಳಿದಿತ್ತು. ಆ 29 ಎಂಬ ಅಂಕಿ ಮಾಡಿದ ಪರಿಣಾಮವನ್ನು ಎಷ್ಟೋ ವರ್ಷಗಳ ಉಪದೇಶ ಮಾಡಿರಲಿಲ್ಲ.

ಕಲ್ಲುಪ್ಪು, ಪುಡಿ ಉಪ್ಪು, ಇಂದುಪ್ಪು ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಬಹಳ ಜನ ಕೇಳುತ್ತಾರೆ. ಹೃದಯದ ಲೆಕ್ಕದಲ್ಲಿ ಮೂರೂ ಒಂದೇ, ಯಾವುದರಲ್ಲಿಯೂ ಹೆಚ್ಚು ಕಡಿಮೆ ಶೇ. 40 ಭಾಗ ಸೋಡಿಯಂ ಇರುತ್ತದೆ. ಇಂದುಪ್ಪಿನ ಗುಲಾಬಿ ಬಣ್ಣಕ್ಕೆ ಕಾರಣವಾದ ಖನಿಜಗಳ ಪ್ರಮಾಣ ಪ್ರಯೋಜನಕ್ಕೆ ಬಾರದಷ್ಟು ಚಿಕ್ಕದು, ಮೇಲಾಗಿ ಅಯೋಡಿನ್ ಬೆರೆಸಿದ ಉಪ್ಪನ್ನು ಬಿಟ್ಟು ಅದಕ್ಕೆ ಹೋದರೆ ಅಯೋಡಿನ್ನೂ ತಪ್ಪುತ್ತದೆ. ನಿಜವಾದ ಪರ್ಯಾಯವೆಂದರೆ ಸೋಡಿಯಂನ ಒಂದು ಪಾಲಿನ ಬದಲಿಗೆ ಪೊಟ್ಯಾಸಿಯಂ ಸೇರಿಸಿದ ಕಡಿಮೆ ಸೋಡಿಯಂ ಉಪ್ಪು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕನೆಯ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು, ಸಾವು ಶೇ. 12ರಷ್ಟು ಕಡಿಮೆಯಾಯಿತು. ಅಡಿಗೆಯ ಕ್ರಮ ಬದಲಿಸದೆ ಸಿಗುವ ಲಾಭವಾದ್ದರಿಂದ ಇದನ್ನು ಗಂಭೀರವಾಗಿ ಪರಿಗಣಿಸಬೇಕು. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂತಹ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು, ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ಕೆಡುತ್ತದೆ. ಒಂದೇ ಅಡಿಗೆಯನ್ನು ಎಲ್ಲರೂ ಉಣ್ಣುವ ಮನೆಯಲ್ಲಿ ಅಂಥವರು ಒಬ್ಬರಿದ್ದರೂ ಸಾಮಾನ್ಯ ಉಪ್ಪನ್ನೇ ಕಡಿಮೆ ಮಾಡುವುದು ಸುರಕ್ಷಿತವಾದ ಆಯ್ಕೆ.

ಕಡಿಮೆ ಮಾಡುವುದು ಎಲ್ಲಿಂದ ಎಂಬುದರಲ್ಲಿ ನಮ್ಮ ಕಡೆಗೆ ವಿಶೇಷವಾದ ಒಂದು ಮಾತಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಹಸಿ ಮೀನು ಅಪರೂಪವಾಗಿ ಒಣಮೀನು, ಒಣ ಸಿಗಡಿಯ ಚಟ್ನಿ ಆ ಜಾಗಕ್ಕೆ ಬರುತ್ತವೆ. ಸಸ್ಯಾಹಾರಿಗಳ ಮನೆಯಲ್ಲಿ ಅದೇ ಹೊತ್ತಿಗೆ ಭರಣಿಯಿಂದ ಉಪ್ಪು ಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ), ಮಾವಿನ ಮಿಡಿ ಹೊರಗೆ ಬರುತ್ತವೆ. ಮಳೆಗಾಲಕ್ಕಾಗಿ ಕೂಡಿಟ್ಟ ಆಹಾರವೆಲ್ಲ ಉಪ್ಪಿನಿಂದಲೇ ಉಳಿದದ್ದು, ಹಿರಿಯರು ಅದನ್ನು ಉಂಡು ಗದ್ದೆಯಲ್ಲಿ ದಿನವಿಡೀ ದುಡಿಯುತ್ತಿದ್ದರು, ನಾವು ಉಂಡು ಟಿ.ವಿ. ಮುಂದೆ ಕೂರುತ್ತೇವೆ. ಇವನ್ನೆಲ್ಲ ಬಿಟ್ಟುಬಿಡಿ ಎಂದು ನಾನು ಹೇಳಲಾರೆ, ಆ ರುಚಿ ಇಲ್ಲದ ಆಟಿಯನ್ನು ನನಗೂ ಕಲ್ಪಿಸಿಕೊಳ್ಳಲಾಗುವುದಿಲ್ಲ. ಒಣಮೀನನ್ನು ಎರಡು ಮೂರು ನೀರಿನಲ್ಲಿ ನೆನೆಸಿ ತೊಳೆದು ಮಾಡುವುದು, ಉಪ್ಪು ಸೊಳೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ ಆ ನೀರನ್ನು ಚೆಲ್ಲಿ ಪಲ್ಯಕ್ಕೆ ಮತ್ತೆ ಉಪ್ಪು ಹಾಕದೆ ಇರುವುದು, ಉಪ್ಪಿನಕಾಯಿಯನ್ನು ದಿನದ ಎರಡು ಊಟಗಳಲ್ಲಿ ಒಂದಕ್ಕೆ ಮಾತ್ರ ಬಡಿಸುವುದು ಸಾಧ್ಯವಿದೆ. ಗಂಜಿಗೆ ನಂಜಿಕೊಳ್ಳಲು ಉಪ್ಪಿನಕಾಯಿಗೆ ಬದಲಾಗಿ ಒಂದೆಲಗದ ತಂಬುಳಿ, ಹುರುಳಿ ಚಟ್ನಿ ಇದ್ದರೆ ಕೊರತೆ ಕಾಣುವುದಿಲ್ಲ. ಹೆಸರುಕಾಳು ಹಾಕಿ ಬೇಯಿಸಿದ ಪದೆಂಗಿ ಗಂಜಿಗೆ ನಂಜಿಕೊಳ್ಳಲು ಹೆಚ್ಚೇನೂ ಬೇಕಾಗುವುದೇ ಇಲ್ಲ. ಸಾರಿನಲ್ಲಿ ಹುಳಿ, ಶುಂಠಿ, ಒಗ್ಗರಣೆಯ ಬೆಳ್ಳುಳ್ಳಿಯನ್ನು ಸ್ವಲ್ಪ ಮುಂದಿಟ್ಟರೆ ಉಪ್ಪನ್ನು ಹಿಂದಕ್ಕೆ ಸರಿಸಬಹುದು. ನಾಲಿಗೆ ಹೊಂದಿಕೊಳ್ಳಲು ಕೆಲವು ವಾರಗಳು ಹಿಡಿಯುತ್ತವೆ, ಆದ್ದರಿಂದ ಒಮ್ಮೆಗೇ ಅರ್ಧಕ್ಕೆ ಇಳಿಸುವುದಕ್ಕಿಂತ ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ಇಳಿಸುವುದು ಮೇಲು. ತಂಬಾಕಿನಲ್ಲಿ ನಿಧಾನ ಸೋಲುತ್ತದೆ, ಉಪ್ಪಿನಲ್ಲಿ ನಿಧಾನವೇ ಗೆಲ್ಲುತ್ತದೆ. ರಕ್ತದೊತ್ತಡ ಇರುವವರು ದಿನಕ್ಕೆ 4 ಗ್ರಾಂನಷ್ಟು ಉಪ್ಪು ಕಡಿಮೆ ಮಾಡಿದರೆ ಮೇಲಿನ ಅಂಕಿ ಸುಮಾರು 5ರಷ್ಟು ಇಳಿಯುತ್ತದೆ.

ತೆಂಗಿನೆಣ್ಣೆ, ತೆಂಗಿನಕಾಯಿ ಮತ್ತು ಮೀನು

ಈಗ ಎಣ್ಣೆಯ ಮಾತಿಗೆ ಬರಬಹುದು. ರಕ್ತದ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ತೆಂಗಿನೆಣ್ಣೆಯಲ್ಲಿ ಶೇ. 80ಕ್ಕೂ ಹೆಚ್ಚು ಇದೆ, ತುಪ್ಪದಲ್ಲಿ ಶೇ. 60ರ ಮೇಲೆ, ನೆಲಗಡಲೆ ಎಣ್ಣೆ ಮತ್ತು ಅಕ್ಕಿ ತೌಡಿನ ಎಣ್ಣೆಗಳಲ್ಲಿ ಸುಮಾರು ಐದನೆಯ ಒಂದು ಪಾಲು, ಎಳ್ಳೆಣ್ಣೆಯಲ್ಲಿ ಅದಕ್ಕಿಂತಲೂ ಕಡಿಮೆ. ಹದಿನಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ತೆಂಗಿನೆಣ್ಣೆ ಬಳಸಿದವರ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಬೇರೆ ಸಸ್ಯಜನ್ಯ ಎಣ್ಣೆಗಳನ್ನು ಬಳಸಿದವರಿಗಿಂತ ಸುಮಾರು 10 ಮಿಲಿಗ್ರಾಂನಷ್ಟು ಹೆಚ್ಚಿತ್ತು. ಇದಕ್ಕೆ ಎದುರಾಗಿ ಕೇರಳದಲ್ಲಿ ಹೃದ್ರೋಗವಿದ್ದ 200 ಮಂದಿಯನ್ನು ಎರಡು ವರ್ಷ ಗಮನಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆಗೂ ಸೂರ್ಯಕಾಂತಿ ಎಣ್ಣೆಗೂ ವ್ಯತ್ಯಾಸ ಕಾಣಲಿಲ್ಲ. ತೆಂಗಿನೆಣ್ಣೆಯ ಪರ ವಾದಿಸುವವರು ಇದನ್ನು ಮುಂದಿಡುತ್ತಾರೆ, ಆದರೆ ಆ 200 ಮಂದಿ ಹೃದಯದ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದವರು ಎಂಬುದನ್ನು ಹೇಳುವುದಿಲ್ಲ. ಎರಡನ್ನೂ ತೂಗಿ ನೋಡಿ ನಾನು ತಲುಪಿದ ತೀರ್ಮಾನ ಇದು: ಎಲ್‌ಡಿಎಲ್ ಹೆಚ್ಚಿರುವವರು ದಿನನಿತ್ಯದ ಅಡಿಗೆಗೆ ನೆಲಗಡಲೆ, ತೌಡು ಅಥವಾ ಎಳ್ಳಿನ ಎಣ್ಣೆಗೆ ಬದಲಾಗಲಿ, ತೆಂಗಿನೆಣ್ಣೆಯನ್ನು ಒಗ್ಗರಣೆಯ ಪರಿಮಳಕ್ಕೆ ಒಂದು ಚಮಚದಷ್ಟು ಇಟ್ಟುಕೊಳ್ಳಲಿ. ಎಲ್‌ಡಿಎಲ್ ಹದವಾಗಿರುವ ಮನೆಯವರು ಎಣ್ಣೆಯ ಹೆಸರಿಗಿಂತ ಒಟ್ಟು ಪ್ರಮಾಣವನ್ನು ಗಮನಿಸಲಿ. ಗೋಳಿಬಜೆ, ಬನ್ಸ್ ಕರಿದ ಎಣ್ಣೆಯನ್ನು ಬಾಣಲೆಯಲ್ಲಿಯೇ ಇಟ್ಟು ಮರುದಿನ ಮತ್ತೆ ಕಾಯಿಸುವುದನ್ನು ಮಾತ್ರ ಎಲ್ಲರೂ ನಿಲ್ಲಿಸಬೇಕು, ಮನೆಯ ಅಡಿಗೆಯಿಂದ ವನಸ್ಪತಿ (ಡಾಲ್ಡಾ) ಪೂರ್ತಿಯಾಗಿ ಹೊರಗೆ ಹೋಗಬೇಕು.

ಎಣ್ಣೆಯ ಲೆಕ್ಕ ಹಾಕುವಾಗ ಅರೆದು ಹಾಕುವ ತೆಂಗಿನಕಾಯಿಯನ್ನು ಮರೆಯುತ್ತೇವೆ. 100 ಗ್ರಾಂ ತುರಿಯಲ್ಲಿ ಸುಮಾರು 33 ಗ್ರಾಂ ಕೊಬ್ಬು ಇದೆ, ಅದರಲ್ಲಿ 30 ಗ್ರಾಂ ಸ್ಯಾಚುರೇಟೆಡ್. ಜೊತೆಗೆ 9 ಗ್ರಾಂ ನಾರೂ ಇರುವುದರಿಂದ ಎಣ್ಣೆಯಷ್ಟು ಕೆಡುಕಲ್ಲ ನಿಜ, ಹಾಲು ಹಿಂಡಿ ಚರಟವನ್ನು ಚೆಲ್ಲಿದರೆ ಆ ನಾರೂ ಹೋಗುತ್ತದೆ. ಇಲ್ಲಿ ನಮ್ಮದೇ ಅಡಿಗೆಯಲ್ಲಿ ಸಿದ್ಧವಾದ ಪರ್ಯಾಯವಿದೆ. ಕಾಯಿ ಅರೆಯದ ಬೋಳು ಹುಳಿ, ಸಾರು, ತರಕಾರಿಯನ್ನು ಬೇಯಿಸಿ ಮೇಲೆ ಒಂದು ಹಿಡಿ ತುರಿ ಉದುರಿಸಿದ ಪಲ್ಯ ಯಾವ ಆಹಾರತಜ್ಞರೂ ಹೊಸದಾಗಿ ಕಲಿಸಿಕೊಡಬೇಕಾದ ಅಡಿಗೆಗಳಲ್ಲ. ವಾರದಲ್ಲಿ ನಾಲ್ಕು ದಿನ ಬೋಳು ಹುಳಿ, ಮೂರು ದಿನ ಕಾಯಿ ಹುಳಿ ಎಂದು ಗೊತ್ತುಮಾಡಿಕೊಂಡರೆ ಯಾರಿಗೂ ಪಥ್ಯವೆನಿಸುವುದಿಲ್ಲ.

ಮೀನು ತಿನ್ನುವವರು ಅದೃಷ್ಟವಂತರು. ಹೃದಯಕ್ಕೆ ಹಿತವಾದ ಒಮೇಗಾ-3 ಕೊಬ್ಬು ಹೇರಳವಾಗಿರುವುದು ಬೆಲೆಬಾಳುವ ಮಾಂಜಿಯಲ್ಲಿ (ಪಾಂಫ್ರೆಟ್) ಅಲ್ಲ, ಬೂತಾಯಿ (ಸಾರ್ಡೀನ್) ಮತ್ತು ಬಂಗುಡೆಯಲ್ಲಿ. ವಾರಕ್ಕೆ ಎರಡು ಸಲ ತಿಂದರೆ ಸಾಕು. ಬಂಗುಡೆಯ ಪುಳಿಮುಂಚಿ ಮತ್ತು ರವೆ ಹಚ್ಚಿ ಕಾಯಿಸಿದ ಬಂಗುಡೆಯ ನಡುವೆ ಆರಿಸುವುದಾದರೆ ಪುಳಿಮುಂಚಿಯನ್ನು ಆರಿಸಬೇಕು, ಅದರಲ್ಲಿ ಕಾಯಿಯೂ ಇಲ್ಲ, ಎಣ್ಣೆಯೂ ಅಲ್ಪ.

ಅನ್ನದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಪಾಲಿಶ್ ಮಾಡಿದ ಬೆಳ್ತಿಗೆಗಿಂತ ಕೆಂಪು ಕುಚ್ಚಲಕ್ಕಿ ಮೇಲು, ಆದರೆ ಕುಚ್ಚಲಕ್ಕಿ ಎಂಬ ಧೈರ್ಯದಲ್ಲಿ ಎರಡು ಸೌಟು ಹೆಚ್ಚು ಬಡಿಸಿಕೊಂಡರೆ ಮೇಲ್ಮೆ ಅಲ್ಲಿಗೆ ಮುಗಿಯಿತು. ಅನ್ನ ಬಿಟ್ಟು ರಾತ್ರಿ ಐದು ಚಪಾತಿ ತಿನ್ನುವುದು ಪರಿಹಾರವಲ್ಲ. ಎಲೆಯ ಊಟದಲ್ಲಿ ಕೋಸಂಬರಿ, ಪಲ್ಯಗಳು ಅನ್ನಕ್ಕಿಂತ ಮೊದಲು ಬೀಳುತ್ತವೆ. ಅವನ್ನು ಮೊದಲೇ ತಿಂದು ಅನ್ನಕ್ಕೆ ಕೈ ಹಾಕಿದರೆ ಸಕ್ಕರೆ ಅಷ್ಟು ವೇಗವಾಗಿ ಏರುವುದಿಲ್ಲ. ಹರಿವೆ, ಬಸಳೆ, ಮಟ್ಟುಗುಳ್ಳ, ಅಲಸಂಡೆ ಹೀಗೆ ಊರಿನ ತರಕಾರಿ ತಟ್ಟೆಯ ಅರ್ಧವನ್ನು ತುಂಬಿದರೆ ಅನ್ನ ತಾನಾಗಿಯೇ ಕಡಿಮೆಯಾಗುತ್ತದೆ.

ನಡಿಗೆ, ಜಿಮ್, ಮೆಟ್ಟಿಲು

1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿದರು. ಒಂದೇ ಬಸ್ಸು, ಒಂದೇ ಊರು, ಹೆಚ್ಚು ಕಡಿಮೆ ಒಂದೇ ಸಂಬಳ. ದಿನವಿಡೀ ಕುಳಿತೇ ಇರುತ್ತಿದ್ದ ಚಾಲಕರಿಗಿಂತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆಯಿತ್ತು. ಚಾಲಕರು ಕೆಲಸಕ್ಕೆ ಸೇರುವಾಗಲೇ ದೊಡ್ಡ ಸೊಂಟದ ಸಮವಸ್ತ್ರ ಪಡೆಯುತ್ತಿದ್ದರು ಎಂಬುದನ್ನು ಮುಂದೆ ಮಾರಿಸ್ ಅವರೇ ಕಂಡುಕೊಂಡು ಪ್ರಕಟಿಸಿದರು, ಆದ್ದರಿಂದ ವ್ಯತ್ಯಾಸವೆಲ್ಲವೂ ಮೆಟ್ಟಿಲಿನದಲ್ಲ. ಆದರೂ ಅದರ ನಂತರ ಬಂದ ಎಷ್ಟೋ ಅಧ್ಯಯನಗಳು ಅದೇ ದಿಕ್ಕನ್ನು ತೋರಿಸಿವೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಸುರತ್ಕಲ್ಲಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಓಡಾಡುತ್ತಾ, ಪ್ರತಿ ನಿಲ್ದಾಣದಲ್ಲಿ ಇಳಿದು ಹತ್ತುವ ಕಂಡಕ್ಟರನ್ನು ನೋಡಿದಾಗಲೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ.

ವಾರಕ್ಕೆ 150 ನಿಮಿಷಗಳ ಬಿರುಸಾದ ನಡಿಗೆ ಅಥವಾ ಅಷ್ಟೇ ಶ್ರಮದ ಬೇರೆ ಚಟುವಟಿಕೆ ಕನಿಷ್ಠ ಗುರಿ. ಮಾತಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು, ಅಷ್ಟು ವೇಗ. ದಿನಕ್ಕೆ 10,000 ಹೆಜ್ಜೆ ಎಂಬ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ, ವೈದ್ಯಶಾಸ್ತ್ರದಿಂದಲ್ಲ. ಅರವತ್ತು ದಾಟಿದವರಿಗೆ 6,000ದಿಂದ 8,000 ಹೆಜ್ಜೆಗಳಲ್ಲಿಯೇ ಬಹುಪಾಲು ಲಾಭ ಸಿಕ್ಕಿಬಿಡುತ್ತದೆ, ಹತ್ತು ಸಾವಿರ ಆಗಲಿಲ್ಲವೆಂದು ಬೇಸರಪಟ್ಟು ನಿಲ್ಲಿಸಬಾರದು.

ನಡೆಯಲು ಜಾಗಕ್ಕೆ ಬರವಿಲ್ಲ. ಮಂಗಳೂರಿನವರಿಗೆ ಕದ್ರಿ ಪಾರ್ಕ್, ಮಂಗಳಾ ಕ್ರೀಡಾಂಗಣ, ತಣ್ಣೀರುಬಾವಿ ಇವೆ, ಉಡುಪಿಯವರಿಗೆ ಅಜ್ಜರಕಾಡು, ಮಲ್ಪೆಯ ಕಡಲತೀರ, ಮಣಿಪಾಲದ ಮಣ್ಣಪಳ್ಳ ಇವೆ. ಮೇ ತಿಂಗಳ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮ ನಡಿಗೆದಾರರೂ ಬೂಟು ಕಳಚಿಡುತ್ತಾರೆ ಎಂಬುದೇ ತೊಂದರೆ. ಸೆಪ್ಟೆಂಬರಿನಲ್ಲಿ ಮತ್ತೆ ಹೊರಡುವಾಗ ಸೊಂಟ ಎರಡು ಸೆಂಟಿಮೀಟರ್ ಬೆಳೆದಿರುತ್ತದೆ. ಉಪ್ಪಿನ ಊಟ ಹೆಚ್ಚುವುದೂ ನಡಿಗೆ ನಿಲ್ಲುವುದೂ ಅದೇ ನಾಲ್ಕು ತಿಂಗಳಲ್ಲಿ. ಆದ್ದರಿಂದ ಹೊರಗಿನ ನಡಿಗೆಯನ್ನು ಆರಿಸಿಕೊಂಡವರು ಮಳೆಗಾಲದ ಪರ್ಯಾಯವನ್ನು ಮೇ ತಿಂಗಳಲ್ಲಿಯೇ ಗೊತ್ತುಮಾಡಬೇಕು. ಫ್ಲ್ಯಾಟಿನಲ್ಲಿರುವವರಿಗೆ ಮೆಟ್ಟಿಲು, ಶೀಟು ಹಾಕಿದ ತಾರಸಿ ಇದೆ. ತೋಟದ ಮನೆಯವರಿಗೆ ಅಡಿಕೆ ಒಣಗಿಸುವ ಸೋಲಾರ್ ಮಾಡಿನ ಅಂಗಳ ಆ ದಿನಗಳಲ್ಲಿ ಖಾಲಿಯೇ ಇರುತ್ತದೆ. ಜಿಮ್ಮಿಗೆ ಹಣ ಕೊಡುವುದಾದರೆ ಆ ನಾಲ್ಕು ತಿಂಗಳಿಗೆ ಕೊಡುವುದು ಬುದ್ಧಿವಂತಿಕೆ, ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ವಾರಕ್ಕೆ ಎರಡು ದಿನ ಬೇಕೇ ಬೇಕಾದ್ದರಿಂದ ಆ ಕೊರತೆಯೂ ತುಂಬುತ್ತದೆ. ಮೊಣಕಾಲು ನೋವಿರುವವರಿಗೆ ಮೆಟ್ಟಿಲಿಗಿಂತ ಈಜು ಅಥವಾ ಕುಳಿತು ತುಳಿಯುವ ಸೈಕಲ್ಲು ಹಿತ. ಬಹಳ ವರ್ಷ ಕುಳಿತೇ ಇದ್ದವರು, ಮಧುಮೇಹ ಇರುವವರು, ಏರು ಹತ್ತುವಾಗ ಎದೆ ಬಿಗಿದಂತಾಗುವವರು ಬಿರುಸಿನ ವ್ಯಾಯಾಮಕ್ಕೆ ಇಳಿಯುವ ಮೊದಲು ವೈದ್ಯರನ್ನು ಕಾಣಬೇಕು.

ಹೇಳುವ ಬಗೆ

ಅಭ್ಯಾಸವನ್ನು ಆರಿಸುವಷ್ಟೇ ಎಚ್ಚರಿಕೆಯಿಂದ ಅದನ್ನು ಮನೆಯವರಿಗೆ ಹೇಳುವ ಬಗೆಯನ್ನೂ ಆರಿಸಬೇಕು. ಹೆದರಿಸುವುದು ಎಲ್ಲರಿಗೂ ಮೊದಲು ತೋಚುವ ದಾರಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ರಾಜ್ಯದ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಸಾಲು ಬೆಳೆದಿತ್ತು, ಕೆಲವು ವಾರಗಳಲ್ಲಿ ಅದು ಕರಗಿತು. ಭಯ ಜನರನ್ನು ಒಂದು ದಿನ ಆಸ್ಪತ್ರೆಗೆ ಕರೆತರುತ್ತದೆ, ಅವರ ಅಡಿಗೆಯನ್ನು ಬದಲಿಸುವುದಿಲ್ಲ. ಉಪದೇಶದ ಗತಿಯೂ ಬೇರೆಯಲ್ಲ. ನನ್ನ ತಂದೆಯವರಿಗೆ ನಡೆಯಿರಿ ಎಂದು ಮೂರು ವರ್ಷ ಹೇಳಿದೆ, ಅವರು ಆಗಲಿ ಎಂದು ಮೂರು ವರ್ಷ ತಲೆಯಾಡಿಸಿದರು. ಒಂದು ಬೆಳಿಗ್ಗೆ, "ಅಪ್ಪ, ನನಗೂ ಡಾಕ್ಟರು ನಡೆಯಲು ಹೇಳಿದ್ದಾರೆ, ಒಬ್ಬನೇ ಹೋಗಲು ಬೇಸರ" ಎಂದಾಗ ಅವರೇ ಛತ್ರಿ ಹಿಡಿದು ಮೊದಲು ಅಂಗಳಕ್ಕೆ ಇಳಿದಿದ್ದರು.

ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡಿ ತೋರಿಸಿದ್ದು ಫಿನ್‌ಲ್ಯಾಂಡಿನ ಉತ್ತರ ಕರೇಲಿಯಾ ಪ್ರಾಂತ. ಅಲ್ಲಿನ ಗಂಡಸರು ಹೃದಯಾಘಾತದಿಂದ ಸಾಯುವ ಪ್ರಮಾಣ ಆಗ ಜಗತ್ತಿನಲ್ಲಿಯೇ ಅತಿ ಹೆಚ್ಚಿನದರಲ್ಲಿ ಒಂದಾಗಿತ್ತು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯರ ಮುಂದಾಳತ್ವದಲ್ಲಿ ಆರಂಭವಾದ ಯೋಜನೆ ಗಂಡಸರಿಗೆ ಭಾಷಣ ಮಾಡುವುದರಲ್ಲಿಯೇ ನಿಲ್ಲಲಿಲ್ಲ, ಗೃಹಿಣಿಯರ ಸಂಘಗಳ ಬಳಿಗೆ ಹೋಯಿತು. ಹಳ್ಳಿ ಹಳ್ಳಿಗಳಲ್ಲಿ ಹೆಂಗಸರು ಸೇರಿ ಬೆಣ್ಣೆ, ಉಪ್ಪು ಕಡಿಮೆ ಮಾಡಿ ತರಕಾರಿ ಸೇರಿಸಿದ ಹಳೆಯ ಅಡಿಗೆಗಳನ್ನೇ ಮಾಡಿ ಎಲ್ಲರೊಂದಿಗೆ ಕುಳಿತು ಉಂಡರು, ಕೊಲೆಸ್ಟ್ರಾಲ್ ಇಳಿಸುವುದರಲ್ಲಿ ಊರು ಊರುಗಳ ನಡುವೆ ಸ್ಪರ್ಧೆ ನಡೆಯಿತು. ಸುಮಾರು ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೃದ್ರೋಗದಿಂದ ಸಾಯುವ ಪ್ರಮಾಣ ಶೇ. 80ಕ್ಕೂ ಹೆಚ್ಚು ಇಳಿಯಿತು. ಓಣಿಗೊಂದು ಸ್ವಸಹಾಯ ಸಂಘ, ಊರಿಗೊಂದು ಮಹಿಳಾ ಮಂಡಳಿ, ಭಜನಾ ಮಂಡಳಿ ಇರುವ ನಮ್ಮ ಜಿಲ್ಲೆಗಳಿಗೆ ಇದಕ್ಕಿಂತ ಹೊಂದುವ ದಾರಿ ಇನ್ನೊಂದಿಲ್ಲ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ. ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ತೆರೆಯುವ ಮೊದಲು ಹತ್ತು ನಿಮಿಷ ಎಲ್ಲರ ರಕ್ತದೊತ್ತಡ ಅಳೆಯುವುದಕ್ಕೆ ಒಂದು ಯಂತ್ರ ಸಾಕು.

ಮಾತ್ರೆಯೋ, ಪಥ್ಯವೋ

ಕೊನೆಯದಾಗಿ, ಮಾಡಬಾರದ ಒಂದು ಹೋಲಿಕೆಯಿದೆ. ನಡೆಯಲು ಆರಂಭಿಸಿದೆ, ಉಪ್ಪು ಕಡಿಮೆ ಮಾಡಿದೆ, ಇನ್ನು ಮಾತ್ರೆ ಬೇಡ ಎಂದು ತಾವೇ ನಿಲ್ಲಿಸಿದವರನ್ನು ನಾನು ಬಹಳ ಕಂಡಿದ್ದೇನೆ. ರಕ್ತದೊತ್ತಡದ ಮೇಲಿನ ಅಂಕಿ 10ರಷ್ಟು ಇಳಿದರೆ ಹೃದಯ ಮತ್ತು ರಕ್ತನಾಳಗಳ ದೊಡ್ಡ ಅನಾಹುತಗಳು ಸುಮಾರು ಐದನೆಯ ಒಂದು ಪಾಲು ಕಡಿಮೆಯಾಗುತ್ತವೆ ಎಂದು 2016ರ ವಿಶ್ಲೇಷಣೆಯೊಂದು ತೋರಿಸಿದೆ. ಆ ಹತ್ತರಲ್ಲಿ ಐದನ್ನು ಉಪ್ಪಿನ ಇಳಿಕೆ ಕೊಡಬಹುದು, ಉಳಿದದ್ದನ್ನು ಮಾತ್ರೆ ಕೊಡುತ್ತದೆ, ಎರಡೂ ಕೂಡಿಯೇ ಲೆಕ್ಕ ತುಂಬುವುದು. ಅಭ್ಯಾಸಗಳಿಂದ ಅಂಕಿ ನಿಜವಾಗಿಯೂ ಇಳಿದಿದ್ದರೆ ಮನೆಯಲ್ಲಿ ಬರೆದಿಟ್ಟ ಎರಡು ವಾರಗಳ ಅಳತೆಯನ್ನು ವೈದ್ಯರ ಮುಂದಿಟ್ಟು ಪ್ರಮಾಣ ಇಳಿಸುವಂತೆ ಕೇಳಬಹುದು.

ಎದೆಯ ನಡುವೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡಾಗ ಗ್ಯಾಸ್ಟ್ರಿಕ್ ಇರಬಹುದೆಂದು ಶುಂಠಿ ಕಷಾಯ ಕುಡಿದು ಬೆಳಗಾಗಲಿ ಎಂದು ಕಾಯಬಾರದು. ಹೆಂಗಸರಲ್ಲಿ, ಮಧುಮೇಹಿಗಳಲ್ಲಿ ನೋವಿಲ್ಲದೆ ಬರಿಯ ಉಬ್ಬಸ, ವಾಕರಿಕೆ, ವಿಪರೀತ ಸುಸ್ತು ಮಾತ್ರ ಇರಬಹುದು. 108ಕ್ಕೆ ಕರೆ ಮಾಡಬೇಕು. ರಾಜ್ಯ ಸರಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ತಮ್ಮ ಮನೆಗೆ ಹತ್ತಿರದಲ್ಲಿ ರಾತ್ರಿ ಹೊತ್ತಿನಲ್ಲಿಯೂ ಇಸಿಜಿ ತೆಗೆಯುವ ಆಸ್ಪತ್ರೆ ಯಾವುದು, ಮಳೆಗೆ ಸೇತುವೆ ಮುಳುಗಿದರೆ ಅಲ್ಲಿಗೆ ಹೋಗುವ ಇನ್ನೊಂದು ದಾರಿ ಯಾವುದು ಎಂಬುದನ್ನು ಇವತ್ತೇ ವಿಚಾರಿಸಿ, ಒಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿದ ಉಪ್ಪಿನ ಪ್ಯಾಕೆಟ್ಟಿನ ಪಕ್ಕದಲ್ಲಿಯೇ ಅಂಟಿಸಿಡಿ.